ಬೆಟದೂರಿನ ಆ ಅಪ್ಪ

ಇವತ್ತು ಫೆಬ್ರವರಿ 11. ಹತ್ತು ವರ್ಷದ ಹಿಂದೆ, 2016ರ ಇದೇ ದಿನ, ಬೆಳಗ್ಗೆ 11 ಗಂಟೆ 45 ನಿಮಿಷಕ್ಕೆ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ತೀರಿಕೊಂಡರು. ಧಾರವಾಡ ಜಿಲ್ಲೆ, ಕುಂದಗೋಳ ತಾಲೂಕು, ಬೆಟದೂರು ಗ್ರಾಮ. ವಯಸ್ಸು 33.

ಹೆಸರು ಕೇಳಿದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ ಅಂತ ನನಗೆ ಗೊತ್ತು. ಸಿಯಾಚಿನ್. ಹಿಮದ ರಾಶಿ. ಆರು ದಿನ ಅದರಡಿ ಇದ್ದು ಬದುಕಿ ಬಂದ ಮನುಷ್ಯ. ಪವಾಡ ಅನ್ನೋ ಪದ ಆ ವಾರ ಎಷ್ಟು ಸಲ ಕೇಳಿದಿರೋ ಲೆಕ್ಕವಿಲ್ಲ. ಆದರೆ ಆ ಮನುಷ್ಯನಿಗೆ ಊರಲ್ಲಿ ಎರಡು ವರ್ಷದ ಆಸುಪಾಸಿನ ಮಗಳೊಬ್ಬಳಿದ್ದಳು. ವೀರಯೋಧ ಅಂತ ನಾವು ಕೂಗಿದ್ದೇ ಕೂಗಿದ್ದು, ಆ ಕೂಗಿನಲ್ಲಿ ಅಪ್ಪ ಅನ್ನೋನು ಕೇಳಿಸಲೇ ಇಲ್ಲ. ಇವತ್ತು ನಾನು ಆ ಅಪ್ಪನ ಬಗ್ಗೆ ಮಾತಾಡಬೇಕು.

ನಾನು ಆಳಂದ ತಾಲೂಕಿನ ನರೋಣಾ ಕಡೆಯವನು. ನಮ್ಮ ಕಡೆ ಅಪ್ಪ ದೂರ ಇರೋದು ಹೊಸ ಮಾತಲ್ಲ. ತೊಗರಿ ರಾಶಿ ಮುಗಿದ ಮೇಲೆ ಪುಣೆಗೆ, ಮುಂಬೈಗೆ, ಬೆಂಗಳೂರಿಗೆ ಹೊರಡುವ ಮನೆಗಳು ಎಷ್ಟೋ. ಫೋನಿನಲ್ಲಿ "ಉಂಡಿಯೇನವ್ವಾ, ಸಾಲಿಗಿ ಹೋಗಿದ್ದಿಯೇನು" ಅಂತ ಕೇಳಿ, ಆ ಕಡೆಯಿಂದ ಬರುವ ಒಂದು "ಹೂಂ" ಮೇಲೆ ಇಡೀ ವಾರ ದುಡಿಯುವ ಅಪ್ಪಂದಿರನ್ನು ನೋಡಿಕೊಂಡೇ ನಾವು ಬೆಳೆದಿದ್ದೀವಿ. ಹಾಗಾಗಿ ದೂರ ಇರುವ ಅಪ್ಪ ಅಂದರೆ ಪ್ರೀತಿ ಕಡಿಮೆ ಇರುವ ಅಪ್ಪ ಅಂತ ನಮ್ಮ ಊರಿನಲ್ಲಿ ಯಾರೂ ಅಂದುಕೊಳ್ಳಲ್ಲ. ಆದರೆ ಅವರಿಗೆ ಮನಸ್ಸಾದಾಗ ರಾತ್ರಿ ಬಸ್ಸು ಹತ್ತುವ ದಾರಿಯಾದರೂ ಇದೆ. ಹನುಮಂತಪ್ಪ ಇದ್ದ ಜಾಗದಿಂದ ಬಸ್ಸಿರಲಿಲ್ಲ.

ಆ ಜಾಗದ ಲೆಕ್ಕ ಸ್ವಲ್ಪ ಹೇಳ್ತೀನಿ. ಎಂಜಿನಿಯರಿಂಗ್ ಓದಿ ನ್ಯೂಸ್ ಓದೋಕೆ ಬಂದವನು, ಈ ಚಟ ಇನ್ನೂ ಬಿಟ್ಟಿಲ್ಲ, ಸಹಿಸಿಕೊಳ್ಳಿ. ಅವರಿದ್ದ ಸೋನಂ ಪೋಸ್ಟ್ 19,600 ಅಡಿ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ನಮ್ಮಲ್ಲಿರುವುದರ ಅರ್ಧದಷ್ಟು. ಒತ್ತಡ ಅರ್ಧವಾದರೆ ನೀರು 100 ಡಿಗ್ರಿಯವರೆಗೆ ಕಾಯಲ್ಲ, ಸುಮಾರು 80ಕ್ಕೇ ಕುದಿಯೋಕೆ ಶುರುವಾಗುತ್ತೆ. ಕುದೀತಾ ಇರುತ್ತೆ, ಆದರೆ ಬೇಯಿಸಲ್ಲ. ನಮ್ಮ ಕಲಬುರಗಿ ತೊಗರಿ ಬೇಳೆಯನ್ನು ಅಲ್ಲಿ ತೆರೆದ ಪಾತ್ರೆಯಲ್ಲಿಟ್ಟರೆ ಬೆಳಗ್ಗೆಯಿಂದ ಸಂಜೆಯವರೆಗೂ ಕುದಿಯುತ್ತೆ, ಸಾರು ಆಗಲ್ಲ. ಕುಕ್ಕರ್ ಬೇಕೇ ಬೇಕು. ಒಂದು ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಅರ್ಧ. ಮೇ ತಿಂಗಳಲ್ಲಿ ನರೋಣಾದ ಬಿಸಿಲು 42 ಡಿಗ್ರಿ ಮುಟ್ಟಿದರೆ ನಾವು ಹೊರಗೆ ಕಾಲಿಡಲ್ಲ. ಚಳಿಗಾಲದಲ್ಲಿ ಅಲ್ಲಿ ಮೈನಸ್ 40. ನಡುವೆ ಎಂಬತ್ತು ಡಿಗ್ರಿಗೂ ಮಿಕ್ಕ ಅಂತರ. ಮೇಲೆ ಗಂಟೆಗೆ 100 ಕಿಲೋಮೀಟರ್‌ವರೆಗೂ ಬೀಸುವ ಗಾಳಿ.

ಎರೆ ಭೂಮಿಯ ಹಳ್ಳಿಯಲ್ಲಿ ಹುಟ್ಟಿ, ಶಾಲೆಗೆ ಮೈಲಿಗಟ್ಟಲೆ ನಡೆದು ಹೋಗಿ ಕಲಿತ ಹುಡುಗ ಅಲ್ಲಿಗೆ ಹೇಗೆ ಹೋದ? 2002ರ ಅಕ್ಟೋಬರ್ 25ರಂದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್‌ಗೆ ಸೇರಿದರು. 2003ರಿಂದ 2006ರವರೆಗೆ ಜಮ್ಮು ಕಾಶ್ಮೀರದ ಮಾಹೋರ್‌ನಲ್ಲಿ. 2008ರಿಂದ 2010ರವರೆಗೆ ಮತ್ತೆ ಜಮ್ಮು ಕಾಶ್ಮೀರ, ಈ ಸಲ ರಾಷ್ಟ್ರೀಯ ರೈಫಲ್ಸ್‌ನಲ್ಲಿ, ಅದೂ ತಾವಾಗಿಯೇ ಕೇಳಿಕೊಂಡು. ಆಮೇಲೆ 2012ರವರೆಗೆ ಈಶಾನ್ಯದಲ್ಲಿ, ಉಲ್ಫಾ ಮತ್ತು ಬೋಡೋ ಉಗ್ರರ ವಿರುದ್ಧ. 2015ರ ಆಗಸ್ಟ್‌ನಲ್ಲಿ ಸಿಯಾಚಿನ್. ಡಿಸೆಂಬರ್‌ನಲ್ಲಿ ಇನ್ನೂ ಮೇಲೆ, ಸೋನಂಗೆ. ಸೇನೆಯೇ ಕೊಟ್ಟ ಲೆಕ್ಕ ಇದು: 13 ವರ್ಷದ ಸೇವೆಯಲ್ಲಿ 10 ವರ್ಷ ಕಠಿಣ ಪ್ರದೇಶಗಳಲ್ಲೇ.

ಈಗ ಈ ಲೆಕ್ಕದ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡಿ. ಆಗಸ್ಟ್‌ನಿಂದ ಫೆಬ್ರವರಿವರೆಗೆ ಆರು ತಿಂಗಳು. ನಮ್ಮ ನಿಮ್ಮ ಜೀವನದಲ್ಲಿ ಆರು ತಿಂಗಳು ಅಂದರೆ ಏನೂ ಅಲ್ಲ, ಒಂದು ಕ್ರಿಕೆಟ್ ಸೀಸನ್ ಬಂದು ಹೋದ ಹಾಗೆ. ಒಂದೂವರೆ ಎರಡು ವರ್ಷದ ಕೂಸಿಗೆ ಅದು ಆಯುಷ್ಯದ ಕಾಲು ಭಾಗಕ್ಕೂ ಹೆಚ್ಚು. ಮಕ್ಕಳು ಮಾತು ಕಲಿಯೋದು ಆವಾಗಲೇ, ಓಡೋಕೆ ಕಲಿಯೋದು ಆವಾಗಲೇ, ಇದು ನಮ್ಮಪ್ಪ ಅಂತ ಬೆರಳು ಮಾಡಿ ತೋರಿಸೋದೂ ಆವಾಗಲೇ. ಅಪ್ಪಂದಿರಾಗಿರುವ ವೀಕ್ಷಕರು ಒಂದು ನಿಮಿಷ ನಿಮ್ಮ ಮನೆಯ ಆ ಆರು ತಿಂಗಳನ್ನು ನೆನಪಿಸಿಕೊಳ್ಳಿ. ಬೆಟದೂರಿನ ಅಪ್ಪ ಆ ಹೊತ್ತಿನಲ್ಲಿ ಯಾರೂ ಬದುಕದ ಜಾಗದಲ್ಲಿ ಕಾವಲು ನಿಂತಿದ್ದರು.

ಫೆಬ್ರವರಿ 3ರಂದು ಹಿಮಗೋಡೆ ಕುಸಿಯಿತು. ಟೆಂಟ್‌ನಲ್ಲಿದ್ದ ಹತ್ತು ಜನ ಕೆಳಗೆ ಸಿಕ್ಕಿಕೊಂಡರು. ಇಪ್ಪತ್ತೈದು ಮೂವತ್ತು ಅಡಿ ಆಳ. ಅದು ನಾವು ಫೋಟೋದಲ್ಲಿ ನೋಡುವ ಹತ್ತಿಯಂಥ ಹಿಮ ಅಲ್ಲ, ಕಾಂಕ್ರೀಟಿನಷ್ಟು ಗಟ್ಟಿಯಾದ ನೀಲಿ ಮಂಜುಗಡ್ಡೆ. ಬದುಕಿರುವ ಆಸೆ ಇಲ್ಲ ಅಂದುಬಿಟ್ಟಿತು ಸೇನೆ. ದೇಶ ಸಂತಾಪವನ್ನೂ ಸೂಚಿಸಿ ಆಯಿತು. ಆದರೂ ಮೇಲಿದ್ದ ಜವಾನರು ಅಗೆಯೋದು ನಿಲ್ಲಿಸಲಿಲ್ಲ. ಬಂಡೆ ಕೊರೆಯುವ ಡ್ರಿಲ್, ವಿದ್ಯುತ್ ಗರಗಸ, ನೆಲದಡಿ ನೋಡುವ ರೇಡಾರ್, ಎಲ್ಲ ಹೆಲಿಕಾಪ್ಟರಿನಲ್ಲಿ ಹೋಯಿತು. ಡಾಟ್, ಮಿಶಾ ಅನ್ನೋ ಎರಡು ನಾಯಿಗಳೂ ಹೋದವು. ಫೆಬ್ರವರಿ 8ರ ರಾತ್ರಿ ಮಂಜು ಕೊರೆದು ಒಳಗೆ ಹೋದವರಿಗೆ ಒಬ್ಬ ಉಸಿರಾಡ್ತಾ ಇರೋದು ಕಂಡಿತು.

ಬೆಟದೂರಿನ ಮನೆಯ ಮಟ್ಟಿಗೆ ಇದನ್ನು ಯೋಚನೆ ಮಾಡಿ. ಸತ್ತ ಅಂತ ಸುದ್ದಿ ಬಂದಿದೆ. ಅಳು ಶುರುವಾಗಿ ದಿನಗಳಾಗಿವೆ. ಅದೇ ಮನೆಗೆ, ಬದುಕಿದ್ದಾನೆ ಅಂತ ಸುದ್ದಿ. ಆ ಮನೆ ಒಬ್ಬನನ್ನೇ ಎರಡು ಸಲ ಕಳೆದುಕೊಂಡಿತು. ಇದನ್ನು ಪವಾಡ ಅನ್ನೋದು ಸುಲಭ, ಆ ಹೆಂಡತಿ, ಆ ತಾಯಿಯ ಜಾಗದಲ್ಲಿ ನಿಂತು ಅನ್ನೋದು ಕಷ್ಟ.

ದೆಹಲಿಗೆ ತಂದರು. ವೈದ್ಯರು ಆಗಲೇ ಎಚ್ಚರಿಸಿದ್ದರು, ಮುಂದಿನ 24ರಿಂದ 48 ಗಂಟೆ ಬಹಳ ಕಷ್ಟದ್ದು ಅಂತ. ಕಾರಣ ಕೇಳಿದರೆ ಕರುಳು ಚುರ್ ಅನ್ನುತ್ತೆ. ಚಳಿಗೆ ದೇಹ ತನ್ನನ್ನು ತಾನೇ ಮುಚ್ಚಿಕೊಂಡಿರುತ್ತೆ, ಕೈಕಾಲಿಗೆ ರಕ್ತ ಕಡಿಮೆ ಮಾಡಿ ಹೃದಯ, ಮಿದುಳನ್ನು ಉಳಿಸಿಕೊಂಡಿರುತ್ತೆ. ಬೆಚ್ಚಗೆ ಮಾಡಿದಾಗ ಆ ತಣ್ಣಗಿದ್ದ ಭಾಗಗಳಿಗೆ ರಕ್ತ ಮತ್ತೆ ಹರಿಯೋಕೆ ಶುರುವಾಗುತ್ತಲ್ಲ, ಅಪಾಯ ಅಲ್ಲೇ. ಕೊಂದ ಚಳಿಯಿಂದ ಬಿಡಿಸಿದರೂ ಬೆಚ್ಚಗೆ ಮಾಡುವ ದಾರಿಯೂ ಸುಲಭದ್ದಲ್ಲ. ಜೊತೆಗೆ ನ್ಯುಮೋನಿಯಾ, ಕೈಕೊಟ್ಟ ಮೂತ್ರಪಿಂಡ, ಯಕೃತ್ತು. ಉತ್ತರ ಪ್ರದೇಶದ ಒಬ್ಬ ಗೃಹಿಣಿ ತನ್ನ ಕಿಡ್ನಿ ಕೊಡ್ತೀನಿ ಅಂತ ಮುಂದೆ ಬಂದರು, ಗುರುತಿಲ್ಲ, ಪರಿಚಯವಿಲ್ಲ. ದೇವಸ್ಥಾನ, ಮಸೀದಿ, ಚರ್ಚು ಎಲ್ಲ ಕಡೆ ಪ್ರಾರ್ಥನೆ ನಡೆಯಿತು. ಮೂರನೇ ದಿನ ಮುಗಿಯಿತು. 12ರಂದು ಬೆಟದೂರಿನಲ್ಲಿ ಅಂತ್ಯಕ್ರಿಯೆ. ರಾಜ್ಯ ಸರ್ಕಾರ 25 ಲಕ್ಷ ರೂಪಾಯಿ ಘೋಷಿಸಿತು. ಮರುವರ್ಷ ಸೇನಾ ದಿನದಂದು ಸೇನಾ ಪದಕ, ಮರಣೋತ್ತರ. ಅದನ್ನು ತೆಗೆದುಕೊಂಡವರು ಪತ್ನಿ.

ಸಿಯಾಚಿನ್‌ನಲ್ಲಿ 2003ರ ನವೆಂಬರ್‌ನಿಂದ ಕದನ ವಿರಾಮ ಇದೆ. ಅಂದರೆ ಹನುಮಂತಪ್ಪ ಸತ್ತಾಗ ಅಲ್ಲಿ ಗುಂಡಿನ ಸದ್ದು ನಿಂತು 12 ವರ್ಷ ಕಳೆದಿತ್ತು. 1984ರ ಏಪ್ರಿಲ್‌ನಲ್ಲಿ ಆಪರೇಷನ್ ಮೇಘದೂತ್ ಮೂಲಕ ನಾವು ಆ ಎತ್ತರ ಹಿಡಿದೆವು. ಅಂದಿನಿಂದ ಎಂಟು ನೂರಕ್ಕೂ ಹೆಚ್ಚು ಯೋಧರು ಹೋಗಿದ್ದಾರೆ, ಅದರಲ್ಲಿ ಬಹುಪಾಲು ಶತ್ರುವಿನ ಕೈಯಿಂದಲ್ಲ, ಹಿಮ ಮತ್ತು ಚಳಿಯಿಂದ. ಆ ಕಡೆಯೂ ಅಷ್ಟೇ. 2012ರ ಏಪ್ರಿಲ್‌ನಲ್ಲಿ ಗಯಾರಿಯಲ್ಲಿ ಪಾಕಿಸ್ತಾನದ 140 ಜನ ಒಂದೇ ಬೆಳಗ್ಗೆ ಹಿಮದಡಿ ಹೋದರು. ಅವರಲ್ಲೂ ಅಪ್ಪಂದಿರಿದ್ದರು, ಅದನ್ನು ಹೇಳೋಕೆ ನನಗೆ ಸಂಕೋಚವಿಲ್ಲ.

ಹಾಗಾದರೆ ಸಿಯಾಚಿನ್ ಬಿಟ್ಟು ಬರಬೇಕಾ? ನಾನು ಹಾಗೆ ಹೇಳ್ತಾ ಇಲ್ಲ. ಬಿಟ್ಟು ಬಂದ ಎತ್ತರವನ್ನು ಇನ್ನೊಬ್ಬ ಹತ್ತಿ ಕೂತರೆ ಏನಾಗುತ್ತೆ ಅಂತ ಕಾರ್ಗಿಲ್‌ನಲ್ಲಿ ನೋಡಿದ್ದೀವಿ. ನನ್ನ ತಕರಾರು ಬೇರೆ. ಎದುರಾಳಿ ಹಿಮ ಅಂತ ಗೊತ್ತಿದ್ದ ಮೇಲೆ, ಹಿಮದ ವಿರುದ್ಧದ ತಯಾರಿಯನ್ನು ಬಂದೂಕಿನಷ್ಟೇ ಗಂಭೀರವಾಗಿ ಕೇಳಬೇಕಾದವರು ಯಾರು? ಹಿಮಕುಸಿತದ ಮುನ್ಸೂಚನೆ ಕೊಡುವ ಸಂಸ್ಥೆ ಡಿಆರ್‌ಡಿಒ ಅಡಿಯಲ್ಲೇ ಇದೆ. ಅದಕ್ಕೆ ಎಷ್ಟು ದುಡ್ಡು, ಎಷ್ಟು ಸಂವೇದಕ, ಎಷ್ಟು ಜನ ಅಂತ ಬಜೆಟ್ ದಿನ ಯಾವ ಸಂಸದರಾದರೂ ಕೇಳಿದ್ದು ನಿಮಗೆ ನೆನಪಿದೆಯಾ? ಬೆಟದೂರಿನ ದುಃಖದ ಮೇಲೆ ಭಾಷಣ ಮಾಡಿದವರು ಬಹಳ ಜನ. 2019ರ ನವೆಂಬರ್‌ನಲ್ಲಿ ಅದೇ ಸಿಯಾಚಿನ್‌ನಲ್ಲಿ ಮತ್ತೊಂದು ಹಿಮಕುಸಿತ, ನಾಲ್ವರು ಯೋಧರು, ಇಬ್ಬರು ಹೊರೆಯಾಳುಗಳು. ಹೊರೆಯಾಳುಗಳ ಊರು ಯಾವುದು ಅಂತ ಕೂಡ ನಾವು ಯಾರೂ ಕೇಳಲಿಲ್ಲ.

ಇನ್ನೊಂದು ಮಾತು. ಸೈನಿಕ ಅಂದರೆ ಯಾವಾಗಲೂ ಸಮವಸ್ತ್ರದಲ್ಲೇ ಇರುವವನು ಅಂತ ನಾವು ಅಂದುಕೊಂಡಿದ್ದೀವಿ. ಪ್ರಾದೇಶಿಕ ಸೇನೆ ಅಂತ ಒಂದಿದೆ, 1949ರಿಂದ. ಅಂಗಡಿ, ನೌಕರಿ, ಹೊಲ ನೋಡಿಕೊಂಡು, ವರ್ಷದಲ್ಲಿ ಸ್ವಲ್ಪ ದಿನ ತರಬೇತಿ ಪಡೆದು, ಕರೆ ಬಂದಾಗ ಹೊರಡುವವರು. 2023ರ ಅಕ್ಟೋಬರ್‌ನಲ್ಲಿ ಇಸ್ರೇಲ್ ಮೂರು ಲಕ್ಷಕ್ಕೂ ಹೆಚ್ಚು ಮೀಸಲು ಸೈನಿಕರನ್ನು ಕರೆದಾಗ, ಡೈಪರ್ ಬದಲಿಸುತ್ತಿದ್ದ ಅಪ್ಪಂದಿರು ಬಂದೂಕು ಹಿಡಿದು ಹೊರಟಿದ್ದನ್ನು ನಾವೆಲ್ಲ ನೋಡಿದೆವು, ಅದೆಲ್ಲೋ ದೂರದ ಕಥೆ ಅಂದುಕೊಂಡೆವು. ಕಳೆದ ವರ್ಷ ಮೇ ತಿಂಗಳಲ್ಲಿ, ಆಪರೇಷನ್ ಸಿಂದೂರದ ಹೊತ್ತಿನಲ್ಲಿ, ನಮ್ಮ ಸರ್ಕಾರವೂ ಪ್ರಾದೇಶಿಕ ಸೇನೆಯನ್ನು ಕರೆಸಿಕೊಳ್ಳುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ಕೊಟ್ಟಿತು, 32 ಕಾಲಾಳು ಬೆಟಾಲಿಯನ್‌ಗಳಲ್ಲಿ 14ನ್ನು. ಆ ಹದಿನಾಲ್ಕರಲ್ಲಿ ಎಷ್ಟು ಮನೆಗಳಲ್ಲಿ ಆ ರಾತ್ರಿ ಮಗುವೊಂದು "ಅಪ್ಪ ಎಲ್ಲಿಗೆ ಹೊಂಟಾನ" ಅಂತ ಕೇಳಿರಬಹುದು, ಯೋಚನೆ ಮಾಡಿ.

ಸೋನಂನಲ್ಲಿ ಹನುಮಂತಪ್ಪನವರ ಜೊತೆ ಒಂಬತ್ತು ಜನ ಇದ್ದರು. ಹಾಸನದ ತೇಜೂರಿನ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ್, ಇಬ್ಬರೂ ನಮ್ಮವರೇ. ಉಳಿದವರು ತಮಿಳುನಾಡು, ಆಂಧ್ರ, ಕೇರಳ, ಮಹಾರಾಷ್ಟ್ರದವರು. ಕೇರಳದ ಕೊಲ್ಲಂನ ಲ್ಯಾನ್ಸ್ ನಾಯಕ್ ಸುಧೀಶ್ ಕೆಲವೇ ತಿಂಗಳ ಹೆಣ್ಣು ಕೂಸಿನ ತಂದೆ. ಬೆಟದೂರಿನಲ್ಲಿ ಅಂತ್ಯಕ್ರಿಯೆ ಮುಗಿದ ಮೇಲೂ ಈ ಒಂಬತ್ತು ಜನರ ಮನೆಯವರು ಕಾಯ್ತಾ ಇದ್ದರು. ಹವಾಮಾನ ಸರಿ ಇರಲಿಲ್ಲ, ಮೇಲಿನಿಂದ ಹೆಲಿಕಾಪ್ಟರ್ ಇಳಿಯೋಕೆ ಇನ್ನೂ ಕೆಲವು ದಿನ ಬೇಕಾಯಿತು.