ಉಸ್ತಾದ್ ಮನ್ಸೂರ್: ಹಕ್ಕಿಯ ಕಾಲು ಮತ್ತು ಚಿತ್ರಕಾರನ ಸಾಕ್ಷ್ಯ



ಯಾರ ಪುಣ್ಯಸ್ಮರಣಾರ್ಥವಾಗಿ ಈ ದತ್ತಿಯು ಸ್ಥಾಪಿತವಾಗಿರುವುದೋ ಆ ಚಿತ್ರೋಪಾಧ್ಯಾಯರ ತರಗತಿಯಲ್ಲಿ ಮೂರು ವರ್ಷ ಮಣೆಯ ಮೇಲೆ ಕುಳಿತು ಕಲಿತ ನನಗೆ, ಅವರ ಹೆಸರನ್ನು ಹೊತ್ತ ಈ ವೇದಿಕೆಯಿಂದ ಮಾತನಾಡುವ ಭಾಗ್ಯವು ಒದಗಿದುದು ನನ್ನ ಯೋಗ್ಯತೆಗಿಂತ ಅವರ ವಾತ್ಸಲ್ಯದ ಫಲವೆಂದೇ ನಾನು ಭಾವಿಸಿರುವೆನು. ಹಕ್ಕಿಯ ಚಿತ್ರವನ್ನು ಬರೆದು ತಂದ ಹುಡುಗನನ್ನು ಅವರು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಕಾಲೆಲ್ಲಿ?" ಕಾಲು ಬರೆಯಲು ಬಾರದ ನಾವೆಲ್ಲರೂ ಹಕ್ಕಿಯನ್ನು ಹುಲ್ಲಿನಲ್ಲಿ ನಿಲ್ಲಿಸುತ್ತಿದ್ದೆವು, ಅವರು ರಬ್ಬರಿನಿಂದ ಆ ಹುಲ್ಲನ್ನು ಅಳಿಸಿ, ಏನೊಂದೂ ಬೈಯದೆ, ಹಾಳೆಯನ್ನು ಹಿಂದಿರುಗಿಸುತ್ತಿದ್ದರು. ಇಂದು ನಾನು ಹೇಳಲಿರುವುದೆಲ್ಲವೂ ಆ ಅಳಿಸಿದ ಹುಲ್ಲಿನಿಂದಲೇ ಆರಂಭವಾಯಿತು.

ಇಂದಿನ ನನ್ನ ವಿಷಯವಾದ ಮೊಗಲ್ ಚಿತ್ರಕಾರ ಮನ್ಸೂರನ ಜೀವನವೃತ್ತಾಂತವನ್ನು ವಿಸ್ತರಿಸಲು ಹೋಗುವುದಿಲ್ಲ. ಮೊಗಲ್ ಚಿತ್ರಕಲೆಯ ಯಾವ ಗ್ರಂಥದಲ್ಲಿಯೂ ಅದು ದೊರೆಯುವುದು. ಅಕ್ಬರನ ಚಿತ್ರಶಾಲೆಯಲ್ಲಿ ಪಳಗಿದವನು. 1589ರಲ್ಲಿ ಪರ್ಷಿಯನ್ನಿಗೆ ಅನುವಾದವಾದ ಬಾಬರನ ಆತ್ಮಕಥೆಗೆ ಪ್ರಾಣಿಪಕ್ಷಿಗಳ ಚಿತ್ರ ರಚಿಸಿದವರಲ್ಲಿ ಒಬ್ಬನು. 1605ರಿಂದ 1627ರವರೆಗೆ ಆಳಿದ ಜಹಾಂಗೀರನಿಂದ 'ನಾದಿರ್-ಉಲ್-ಅಸ್ರ್', ಎಂದರೆ ಯುಗದ ವಿಸ್ಮಯ, ಎಂಬ ಬಿರುದನ್ನು ಪಡೆದವನು. 1612ರ ಟರ್ಕಿ ಕೋಳಿಯೂ 1621ರ ಝೀಬ್ರಾವೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ. ಸೈಬೀರಿಯದ ಬಿಳಿಯ ಕ್ರೌಂಚವು ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನಲ್ಲಿದೆ. ಕೆಂಪು ಟ್ಯೂಲಿಪ್ ಹೂವು ಅಲೀಗಢದ ಮೌಲಾನಾ ಆಜಾದ್ ಗ್ರಂಥಾಲಯದಲ್ಲಿದೆ. ಆ ಕ್ರೌಂಚಕ್ಕೆ ಯೂರೋಪಿನ ವಿಜ್ಞಾನಿ ಪಲ್ಲಾಸನು ಶಾಸ್ತ್ರೀಯ ನಾಮಕರಣ ಮಾಡಿದುದು 1773ರಲ್ಲಿ. ಅದಕ್ಕೆ ಸುಮಾರು ಒಂದೂವರೆ ಶತಮಾನ ಮುಂಚೆಯೇ ಅದರ ಮುಖದ ಬತ್ತಲೆ ಕೆಂಪು ತೊಗಲಿನ ಸುಕ್ಕುಗಳನ್ನು ನಮ್ಮ ಈ ಚಿತ್ರಕಾರನು ಎಣಿಸಿ ಬರೆದಿದ್ದನು.

ಇನ್ನು ವಿವಾದದ ವಿಷಯ. ಮನ್ಸೂರನ ಯಥಾರ್ಥ ದೃಷ್ಟಿಯು ಎಲ್ಲಿಂದ ಬಂದಿತು? ಅದು ಪಶ್ಚಿಮದ ಮುದ್ರಿತ ಕೆತ್ತನೆಗಳಿಂದ ಬಂದಿತೆಂಬುದು ಬಹುಕಾಲದಿಂದ ಪ್ರಚಲಿತವಾಗಿರುವ ಮತ. 1580ರಲ್ಲಿ ಜೆಸ್ಯೂಟ್ ಪಾದ್ರಿಗಳು ಸಚಿತ್ರವಾದ ಬಹುಭಾಷಾ ಬೈಬಲ್ಲನ್ನು ಅಕ್ಬರನಿಗೆ ಅರ್ಪಿಸಿದುದೂ, ಮೊಗಲ್ ಚಿತ್ರಕಾರರು ಅಂತಹ ಕೆತ್ತನೆಗಳನ್ನು ಆಸಕ್ತಿಯಿಂದ ನಕಲು ಮಾಡಿದುದೂ ನಿರ್ವಿವಾದ. ಮೊಗಲ್ ಅಲಂಕರಣದಲ್ಲಿ ಮೂಡಿಬಂದ ಹೂಗಿಡದ ವಿನ್ಯಾಸಕ್ಕೆ ಯೂರೋಪಿನ ಸಸ್ಯಗ್ರಂಥಗಳೇ ಮೂಲವೆಂದು ರಾಬರ್ಟ್ ಸ್ಕೆಲ್ಟನ್ ಅವರು ಪ್ರತಿಪಾದಿಸಿದುದನ್ನು, ಚಿತ್ರಪುಟದ ಅಂಚುಗಳ ಮಟ್ಟಿಗೆ, ನಾನು ಗೌರವಪೂರ್ವಕವಾಗಿ ಒಪ್ಪುವೆನು. ಆದರೆ ಅಂಚಿನ ಹೂವಿಗೆ ಸಲ್ಲುವ ವಾದವನ್ನು ನಡುವಿನ ಪ್ರಾಣಿಗೂ ಹಿಗ್ಗಿಸುವವರಿದ್ದಾರೆ. ಅವರೊಡನೆ ನನಗೆ ಸಮ್ಮತಿಯಿಲ್ಲ. ಕೆತ್ತನೆಯು ಕಪ್ಪು ಗೆರೆಗಳ ಜಾಲ. ಒಂದು ದಿಕ್ಕಿನ ಬೆಳಕು, ಅಡ್ಡಗೆರೆಗಳ ನೆರಳು, ಇವೇ ಅದರ ಬಂಡವಾಳ. ಮನ್ಸೂರನ ಹಕ್ಕಿಗೆ ನೆಲದ ಮೇಲೆ ನೆರಳೇ ಬೀಳುವುದಿಲ್ಲ. ಅದರ ದುಂಡುತನವು ಗರಿಯ ಪಕ್ಕದಲ್ಲಿ ಗರಿಯನ್ನಿಟ್ಟು, ಬಣ್ಣದೊಳಗೆ ಬಣ್ಣವನ್ನು ಸೇರಿಸಿ ಕಟ್ಟಿದ ದುಂಡುತನ. ಟರ್ಕಿ ಕೋಳಿಯ ಜೋಲುತೊಗಲಿನಲ್ಲಿ ಕೆಂಪೂ ನೀಲಿಯೂ ಕೂಡುವ ಬಗೆಯನ್ನು ವರ್ಣಹೀನವಾದ ಯಾವ ಮುದ್ರಣವು ಅವನಿಗೆ ಕಲಿಸೀತು? ಗೋವೆಯಿಂದ ಬಂದ ಆ ಕೋಳಿಯ ತಲೆಯು ಕ್ಷಣಕ್ಷಣಕ್ಕೂ ಬಣ್ಣ ಬದಲಿಸುವುದನ್ನು ಚಕ್ರವರ್ತಿ ಜಹಾಂಗೀರನೇ ನೋಡಿ ಬೆರಗಾಗಿ ತನ್ನ ದಿನಚರಿಯಲ್ಲಿ ದಾಖಲಿಸಿರುವನು.

ಈ ದಿನಚರಿಯೇ ನನ್ನ ಮುಖ್ಯ ಆಧಾರ. ಕಾಶ್ಮೀರದ ಸುಖನಾಗ್ ಎಂಬ ತೊರೆಯ ಬಳಿ ಜಹಾಂಗೀರನು ಒಂದು ಸಣ್ಣ ಹಕ್ಕಿಯನ್ನು ಕಂಡನು; ಅದು ಓಡುವ ನೀರಿನೊಳಗೆ ಮುಳುಗಿ, ಬಹಳ ಹೊತ್ತಿನ ಮೇಲೆ ಇನ್ನೊಂದೆಡೆ ಏಳುತ್ತಿತ್ತು. ಇದು ನೀರುಹಕ್ಕಿಯೋ ನೆಲದ ಹಕ್ಕಿಯೋ, ಇದರ ಬೆರಳುಗಳ ನಡುವೆ ಬಾತುಕೋಳಿಗಿರುವಂತೆ ತೊಗಲುಂಟೋ ಇಲ್ಲವೋ ಎಂಬ ಸಂಶಯವು ಅವನಿಗೆ ಹುಟ್ಟಿತು. ಹಿಡಿದು ತರಿಸಿದನು. ಎರಡು ದೊರೆತವು; ಒಂದು ಒಡನೆಯೇ ಸತ್ತಿತು, ಮತ್ತೊಂದು ಒಂದು ದಿನ ಬದುಕಿತು. ಬೆರಳುಗಳು ಬಿಡಿಬಿಡಿಯಾಗಿದ್ದುವು. ಅದರ ಪ್ರತಿರೂಪವನ್ನು ಬರೆಯಬೇಕೆಂದು ಮನ್ಸೂರನಿಗೆ ಅಪ್ಪಣೆಯಾಯಿತು. ಕ್ರಮವನ್ನು ಗಮನಿಸಿರಿ: ಮೊದಲು ಪ್ರಶ್ನೆ, ಬಳಿಕ ಪರೀಕ್ಷೆ, ಆಮೇಲೆ ಚಿತ್ರ. ನಮ್ಮ ಉಪಾಧ್ಯಾಯರು ತರಗತಿಯಲ್ಲಿ ಕೇಳುತ್ತಿದ್ದ ಪ್ರಶ್ನೆಯನ್ನೇ ಮೊಗಲ್ ದೊರೆಯೊಬ್ಬನು ತೊರೆಯ ದಡದಲ್ಲಿ ನಿಂತು ಕೇಳಿದನು! ಗುಜರಾತಿನಲ್ಲಿದ್ದಾಗ ಸಾರಸ ದಂಪತಿಗಳು ಸರದಿಯಂತೆ ಕಾವು ಕೂರುವುದನ್ನು ದಿನವೂ ನೋಡಿ ಬರೆದಿಟ್ಟವನೂ ಅವನೇ. ಇಂತಹ ಒಡೆಯನ ಮುಂದೆ ಅಂದಾಜಿನ ಕಾಲನ್ನು ಬರೆದು ಒಪ್ಪಿಸುವ ಧೈರ್ಯವು ಯಾವ ಚಿತ್ರಕಾರನಿಗೂ ಇದ್ದಿರಲಾರದು. ಮನ್ಸೂರನ ಯಥಾರ್ಥತೆಯು ಹುಟ್ಟಿದುದು ಈ ವಿಚಾರಣೆಯಿಂದ ಎಂಬುದೇ ನನ್ನ ಮತ.

ಅವನ ಪ್ರಾಣಿಗಳು ಬರಿಯ ಹಿನ್ನೆಲೆಯ ಮೇಲೆ ನಿಂತಿರುವುದರಿಂದ ಅವು ನಿಸರ್ಗಚಿತ್ರಗಳೇ ಅಲ್ಲವೆಂದು ಆಕ್ಷೇಪಿಸುವವರಿಗೂ ಉತ್ತರವು ಇದರಲ್ಲಿಯೇ ಇದೆ. ಹಿನ್ನೆಲೆಯನ್ನು ಬರಿದು ಮಾಡಿದವನು ಅಡಗಿಸುವ ಹುಲ್ಲನ್ನು ತಾನೇ ಅಳಿಸಿಕೊಂಡವನು. ಗೊರಸು, ಉಗುರು, ಕೀಲು, ಯಾವುದೂ ಅಲ್ಲಿ ತಪ್ಪಿಸಿಕೊಳ್ಳಲಾರದು.

ಝೀಬ್ರಾದ ಚಿತ್ರವನ್ನು ಹತ್ತಿರದಿಂದ ನೋಡಿದರೆ ಈ ಮಾತು ಕಣ್ಣಿಗೇ ಕಾಣುವುದು. 1621ರ ನೌರೋಜ್ ಹಬ್ಬದ ವೇಳೆಗೆ ಆ ಮೃಗವು ಅಬಿಸೀನಿಯದಿಂದ ಆಸ್ಥಾನಕ್ಕೆ ಬಂದಾಗ, ಯಾರೋ ಅದಕ್ಕೆ ಬಣ್ಣ ಬಳಿದಿರಬೇಕೆಂದು ಕೆಲವರು ಶಂಕಿಸಿದರು. ಪರೀಕ್ಷಿಸಿದ ಮೇಲೆ ಪಟ್ಟೆಗಳು ಹುಟ್ಟಿನಿಂದ ಬಂದುವೆಂದು ತಿಳಿಯಿತು. ತರುವಾಯ ಅದನ್ನು ಇರಾನಿನ ಶಾಹ್ ಅಬ್ಬಾಸನಿಗೆ ಕಾಣಿಕೆಯಾಗಿ ಕಳುಹಿಸಲು ನಿಶ್ಚಯವಾಯಿತು. ಎಂದರೆ ಮೃಗವು ಹೊರಟುಹೋಗುವುದು, ಪ್ರಮಾಣವಾಗಿ ಚಿತ್ರವೊಂದೇ ಉಳಿಯುವುದು. ಬಣ್ಣ ಬಳಿದುದಲ್ಲವೆಂಬುದನ್ನು ಬಣ್ಣದಿಂದಲೇ ಸಾಧಿಸಬೇಕಾದ ಭಾರವು ಮನ್ಸೂರನ ಕುಂಚದ ಮೇಲೆ ಬಿದ್ದಿತು. ಮುಖದ ಮೇಲೆ ಎಳೆಯಂತೆ ಸಣ್ಣಗಿರುವ ಪಟ್ಟೆಯು ಪೃಷ್ಠದ ಕಡೆಗೆ ಹೋಗುತ್ತ ಅಗಲವಾಗುವುದು. ಒಂದು ಪಟ್ಟೆಯಂತೆ ಮತ್ತೊಂದಿಲ್ಲ. ಯಾವ ಎರಡು ಝೀಬ್ರಾಗಳ ಪಟ್ಟೆಗಳೂ ಒಂದೇ ಆಗಿರುವುದಿಲ್ಲವೆಂದು ಇಂದು ನಾವು ಬಲ್ಲೆವು. ಮನ್ಸೂರನು ಬರೆದುದು ಝೀಬ್ರಾ ಎಂಬ ಜಾತಿಯ ಮಾದರಿಯನ್ನಲ್ಲ, ಆ ವರ್ಷ ಆ ಅಂಗಳದಲ್ಲಿ ನಿಂತಿದ್ದ ಆ ಒಂದು ಜೀವವನ್ನು. ಚಿತ್ರದ ಮೇಲೆ ಜಹಾಂಗೀರನ ಸ್ವಹಸ್ತಾಕ್ಷರದ ಒಕ್ಕಣೆಯಿದೆ. ನಾನದನ್ನು ನ್ಯಾಯಾಧೀಶನ ರುಜುವೆಂದೇ ಓದುವೆನು.

ಕಡೆಯದಾಗಿ ಡೋಡೋ ಹಕ್ಕಿಯ ಚಿತ್ರ. ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿರುವ, ಸುಮಾರು 1625ರದೆಂದು ಎಣಿಸಲಾಗಿರುವ ಈ ಮೊಗಲ್ ಚಿತ್ರವನ್ನು 1958ರಲ್ಲಿ ಇವಾನೋವ್ ಅವರು ಪ್ರಕಟಪಡಿಸಿ, ಅದು ಮನ್ಸೂರನದೆಂದು ಊಹಿಸಿದರು. ಚಿತ್ರದಲ್ಲಿ ರುಜುವಿಲ್ಲ. ಆದರೂ ಅಂದಿನಿಂದ ಆ ಊಹೆಯು ಪುಸ್ತಕದಿಂದ ಪುಸ್ತಕಕ್ಕೆ ಜಿಗಿಯುತ್ತ ನಿರ್ಣಯವಾಗಿ ಪರಿಣಮಿಸಿದೆ. ಮನ್ಸೂರನನ್ನು ಇಷ್ಟು ಪ್ರೀತಿಸುವ ನಾನು ಇದನ್ನು ಸಂತೋಷದಿಂದ ಸ್ವೀಕರಿಸುವೆನೆಂದು ಮಿತ್ರರು ಎಣಿಸಿದ್ದರು; ಸ್ವೀಕರಿಸಲಾರೆನು. ಚಿತ್ರದ ಸತ್ಯವು ಬೇರೆ, ಅದರ ಕರ್ತೃತ್ವವು ಬೇರೆ.

ಸತ್ಯದ ಬಗೆಗೆ ನನಗೆ ಸಂದೇಹವಿಲ್ಲ. ಸೂರತ್ತಿನಲ್ಲಿ ತಾನು ಎರಡು ಡೋಡೋಗಳನ್ನು ಕಂಡೆನೆಂದು, 1628ರಿಂದ 1634ರ ನಡುವೆ ಭಾರತದಲ್ಲಿದ್ದ ಪೀಟರ್ ಮಂಡಿಯು ಬರೆದಿರುವನು; ಆದುದರಿಂದ ಮಾರಿಷಸ್ಸಿನ ಆ ಹಕ್ಕಿಯು ಜೀವಂತವಾಗಿ ಮೊಗಲರ ನಾಡಿಗೆ ಬಂದುದು ಸಂಭಾವ್ಯ. ಯೂರೋಪಿನಲ್ಲಿ ರೂಲಾಂಟ್ ಸೇವರಿ ಮೊದಲಾದವರು ಬರೆದ ಡೋಡೋಗಳು ಕೊಬ್ಬಿ ಉಬ್ಬಿದವು. ಈ ಚಿತ್ರದ ಕಂದುಬಣ್ಣದ ಹಕ್ಕಿಯು ಅವುಗಳಿಗಿಂತ ತೆಳ್ಳಗಿದೆ. ಎಲುಬುಗಳನ್ನು ಅಳೆದು ನೋಡಿದ ಆಂಡ್ರ್ಯೂ ಕಿಚನರ್ ಅವರೂ ನಿಜವಾದ ಡೋಡೋ ತೆಳ್ಳಗೇ ಇದ್ದಿತೆಂದು ವಾದಿಸಿರುವರು. ಇದಕ್ಕೂ ಹೆಚ್ಚಾಗಿ, ಡೋಡೋವಿನ ಸುತ್ತ ಆ ಚಿತ್ರಕಾರನು ನಮಗೆ ಪರಿಚಿತವಾದ ಹಕ್ಕಿಗಳನ್ನು ನಿಲ್ಲಿಸಿರುವನು. ಅವುಗಳಲ್ಲಿ ಪಟ್ಟೆತಲೆಯ ಹೆಬ್ಬಾತೂ ಒಂದು. ಹಿಮಾಲಯವನ್ನು ದಾಟಿ ಪ್ರತಿ ಚಳಿಗಾಲದಲ್ಲಿಯೂ ಈ ಹೆಬ್ಬಾತುಗಳು ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವುವು. ಚಿತ್ರದ ಒಂದು ಪ್ರತಿಯನ್ನು ಕೈಯಲ್ಲಿ ಹಿಡಿದು ನಾನು ಆ ಕೆರೆಯ ಏರಿಯ ಮೇಲೆ ಒಂದು ಬೆಳಗಿನ ಜಾವ ಕುಳಿತಿದ್ದೆನು. ಮಂಜು ಸರಿದಂತೆ ಹೆಬ್ಬಾತುಗಳು ಒಂದೊಂದಾಗಿ ಕತ್ತೆತ್ತಿದುವು. ಬಿಳಿಯ ತಲೆಯ ಹಿಂಭಾಗದಲ್ಲಿ ಆ ಎರಡು ಕಪ್ಪು ಪಟ್ಟೆಗಳು, ಮೇಲಿನದು ಕಣ್ಣಿನವರೆಗೆ ಚಾಚಿದ್ದು, ಕೆಳಗಿನದು ಮೊಟಕು; ಕೈಯಲ್ಲಿದ್ದ ಚಿತ್ರದಲ್ಲಿಯೂ ಹಾಗೆಯೇ. ನೆರೆಯವನ ವಿಷಯದಲ್ಲಿ ನಿಜ ನುಡಿದ ಸಾಕ್ಷಿಯನ್ನು ಅಪರಿಚಿತನ ವಿಷಯದಲ್ಲಿ ನಂಬಲು ಅಡ್ಡಿಯೇನು?

ಆದರೆ ಇಷ್ಟರಿಂದ ಸಿದ್ಧವಾಗುವುದು ಚಿತ್ರಕಾರನು ಕಣ್ಣಾರೆ ಕಂಡು ಬರೆದನೆಂಬುದು ಮಾತ್ರ, ಅವನು ಮನ್ಸೂರನೆಂಬುದಲ್ಲ. ನಿಷ್ಠೆಯಿಂದ ನೋಡಬಲ್ಲ ಕಣ್ಣು ಆ ಚಿತ್ರಶಾಲೆಯಲ್ಲಿ ಒಂದೇ ಇದ್ದಿತೆಂದು ಭಾವಿಸಿ ಒಳ್ಳೆಯದೆಲ್ಲವನ್ನೂ ಒಬ್ಬನ ಖಾತೆಗೆ ಬರೆದರೆ, ಅವನ ಪಕ್ಕದಲ್ಲಿ ಕುಳಿತು ಕುಂಚ ಹಿಡಿದಿದ್ದವರಿಗೆ ನಾವು ಅನ್ಯಾಯ ಮಾಡಿದಂತಾಗುವುದು. ಕಾಣದ ಕಾಲನ್ನು ಮನ್ಸೂರನು ಬರೆಯಲಿಲ್ಲ. ಕಾಣದ ರುಜುವನ್ನು ನಾವು ಓದಬಾರದು. ಆದುದರಿಂದ, ಈ ಚಿತ್ರವನ್ನು ಕನ್ನಡ ಪುಸ್ತಕಗಳಲ್ಲಿ ಅಚ್ಚು ಹಾಕಿಸುವವರು ಅದರ ಕೆಳಗೆ ಡೋಡೋ ಎಂದೂ, ಮೊಗಲ್ ಚಿತ್ರ, ಸುಮಾರು 1625 ಎಂದೂ ಬರೆದು, ಕರ್ತೃವಿನ ಹೆಸರಿನ ಜಾಗವನ್ನು ಹಾಗೆಯೇ ಬಿಡಬೇಕೆಂದು ಈ ಸಭೆಯ ಮೂಲಕ ಪ್ರಾರ್ಥಿಸುವೆನು.