ಮುಚ್ಚಿಡಬೇಡಿ, ಆಸ್ಪತ್ರೆಗೆ ಒಯ್ಯಿರಿ

ರಾಜಾಜಿನಗರ, ವಿಜಯನಗರ, ಕೆಂಗೇರಿಯ ಸಂಘಗಳಿಂದ ಬಂದಿರುವ ಅಕ್ಕತಂಗಿಯರೇ,

ವರದಕ್ಷಿಣೆಯ ಕಾಟ ತಾಳದೆ ನೋವಿನ ಮಾತ್ರೆ ಪ್ಯಾರಾಸಿಟಮಾಲ್ ಅತಿಯಾಗಿ ನುಂಗಿದವಳು ಮೊದಲ ದಿನ ಚೆನ್ನಾಗಿಯೇ ಕಾಣಬಹುದು. ಮನೆಯವರು ಮಾನಕ್ಕೆ, ಪೊಲೀಸರಿಗೆ ಅಂಜಿ ಮುಚ್ಚಿಡುತ್ತಾರೆ. ಒಳಗೆ ಲಿವರ್ ಕೆಡುತ್ತಿರುತ್ತದೆ. ಕಣ್ಣು ಹಳದಿಯಾಗುವವರೆಗೆ ಕಾಯಬಾರದು.

ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಮದ್ದಿದೆ. ಲಿವರ್‌ನಲ್ಲಿ ಬರಿದಾದ ರಕ್ಷಣೆಯನ್ನು ಅದು ಮತ್ತೆ ತುಂಬುತ್ತದೆ. 8 ಗಂಟೆಯೊಳಗೆ ಕೊಟ್ಟರೆ ಅತ್ಯುತ್ತಮ, ತಡವಾದರೂ ಪ್ರಯೋಜನವಿದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ. ಖಾಲಿ ಮಾತ್ರೆಪಟ್ಟಿ ಜೊತೆಗಿರಲಿ. ನುಂಗಿದ ಹೊತ್ತನ್ನು ಡಾಕ್ಟರಿಗೆ ನಿಜ ಹೇಳಿ.

2017ರ ಮಾನಸಿಕ ಆರೋಗ್ಯ ಕಾಯ್ದೆ ಆಕೆಯನ್ನು ತೀವ್ರ ಒತ್ತಡದಲ್ಲಿದ್ದವಳೆಂದೇ ಕಾಣುತ್ತದೆ, ಶಿಕ್ಷಿಸುವುದಿಲ್ಲ. ಶಿಕ್ಷೆ ಇರುವುದು ಕಿರುಕುಳ ಕೊಟ್ಟವರಿಗೆ.

ಬದುಕು ಸಾಕೆನಿಸಿದರೆ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಉಳಿದು ಬಂದವಳನ್ನು ಅದೇ ಮನೆಗೆ ಒಂಟಿಯಾಗಿ ಕಳಿಸಬೇಡಿ. ಸಂಘ ಜೊತೆಗೆ ನಿಲ್ಲಲಿ.