ಬ್ಲೈಟಿ: ಪರದೇಶವೇ ತವರಾದ ಶಬ್ದ

ಹಾನಗಲ್ಲ ಸೀಮೆ, ಹಿರೇಕೆರೂರ ಸೀಮೆ ಎಂದು ನಾವು ಹೇಳುವಾಗ ‘ಸೀಮೆ’ ಎಂದರೆ ನಮ್ಮದೇ ನೆಲ. ಅದೇ ಮಾತು ಮೈಸೂರಿನ ಕಡೆಯ ‘ಸೀಮೆಎಣ್ಣೆ’, ‘ಸೀಮೆಸುಣ್ಣ’ಗಳಲ್ಲಿ ಬಂದಾಗ ಹೊರದೇಶದಿಂದ ಬಂದದ್ದು ಎಂಬ ಅರ್ಥವನ್ನು ಕೊಡುತ್ತದೆ. ಒಂದೇ ಶಬ್ದ ತವರೂ ಆಗಿ ಪರದೇಶವೂ ಆಗುವ ಈ ಸೋಜಿಗ ಕನ್ನಡಕ್ಕೆ ಮಾತ್ರ ಮೀಸಲಾದುದಲ್ಲ. ಇಂಗ್ಲಿಷಿನ ಸಿಪಾಯಿಗಳ ಆಡುಮಾತಿನಲ್ಲಿ ಹುಟ್ಟಿದ ‘ಬ್ಲೈಟಿ’ ಎಂಬ ಶಬ್ದ ಇದೇ ದಾರಿಯನ್ನು ಹಿಡಿದು ಇನ್ನೂ ದೂರ ನಡೆದಿದೆ.

ಅರಬ್ಬಿಯ ‘ವಿಲಾಯತ್’ ಎಂದರೆ ಆಳ್ವಿಕೆ, ಆಳುವ ಪ್ರಾಂತ. ಫಾರಸಿಯ ಮೂಲಕ ಅದು ನಮ್ಮ ದೇಶಕ್ಕೆ ಬಂದಾಗ ಇರಾಣ, ಅಫಘಾನಿಸ್ತಾನಗಳನ್ನು ಸೂಚಿಸಿತು. ಆಮೇಲೆ ಯುರೋಪನ್ನು, ಕೊನೆಗೆ ಇಂಗ್ಲೆಂಡನ್ನು. ಪಠಾಣ ಮನೆತನದ ನವಾಬರು ಆಳಿದ ಸವಣೂರಿಗೆ ಈ ಶಬ್ದ ಹೊಸದಲ್ಲ. 1909ರಲ್ಲಿ ಅಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿಗೆ ಓದಲು ಹೋದದ್ದು ಜನರ ಬಾಯಲ್ಲಿ ‘ವಿಲಾಯತಿ’ಗೆ ಹೋದದ್ದೇ.

ಹಿಂದುಸ್ತಾನಿ ನಾಲಿಗೆಯಲ್ಲಿ ಇದು ‘ಬಿಲಾಯತಿ’ಯಾಯಿತು. ಯೂಲ್ ಮತ್ತು ಬರ್ನೆಲ್ ಎಂಬವರು 1886ರಲ್ಲಿ ಹೊರತಂದ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿ ಸೋಡಾನೀರು ‘ಬಿಲಾಯತಿ ಪಾನಿ’. ಟೊಮೆಟೊ ‘ಬಿಲಾಯತಿ ಬೈಂಗನ್’, ಎಂದರೆ ವಿಲಾಯತಿ ಬದನೆ. ಮಧ್ಯ ಅಮೆರಿಕದಿಂದ ಬಂದ ಹಣ್ಣಿಗೆ ನಾವು ‘ಇಲಾಚಿ ಹುಣಸೆ’ ಎನ್ನುತ್ತೇವಲ್ಲ, ಅದರಲ್ಲಿಯೂ ಏಲಕ್ಕಿಗಿಂತ ವಿಲಾಯತಿಯ ದನಿಯೇ ನನಗೆ ಕೇಳಿಸುತ್ತದೆ. ಸವಣೂರಿನ ಮಠದ ಆವರಣದಲ್ಲಿರುವ ಆಫ್ರಿಕ ಮೂಲದ ಭಾರಿ ಮರಗಳಿಗಾದರೋ ಜನ ‘ದೊಡ್ಡಹುಣಸೆ’ ಎಂದೇ ಹೆಸರಿಟ್ಟರು. 2023ರಲ್ಲಿ ಅವುಗಳಲ್ಲೊಂದು ಮಳೆಗೆ ಉರುಳಿದಾಗ ಅದನ್ನು ಎತ್ತಿ ಮತ್ತೆ ನೆಟ್ಟರು. ಹೊರಗಿನದೆಂಬ ಗುರುತು ಅದರ ಹೆಸರಿನಲ್ಲಿಯೂ ಉಳಿದಿಲ್ಲ, ಜನರ ಮನಸ್ಸಿನಲ್ಲಿಯೂ ಉಳಿದಿಲ್ಲ.

ಬ್ರಿಟಿಷ್ ಸಿಪಾಯಿಯು ‘ಬಿಲಾಯತಿ’ಯ ಮೊದಲ ಸ್ವರವನ್ನು ನುಂಗಿ ‘ಬ್ಲೈಟಿ’ ಎಂದ. ನಮಗೆ ಪರದೇಶವಾದದ್ದು ಅವನಿಗೆ ತವರು. 1914ರಿಂದ 1918ರವರೆಗಿನ ಮಹಾಯುದ್ಧದ ಕಂದಕಗಳಲ್ಲಿ ಈ ಶಬ್ದಕ್ಕೆ ಮತ್ತೊಂದು ಅರ್ಥ ಹುಟ್ಟಿತು. ಪ್ರಾಣ ತೆಗೆಯದೆ, ಆದರೆ ಊರಿಗೆ ಕಳುಹಿಸಲೇಬೇಕಾದಷ್ಟು ಆಳವಾದ ಗಾಯವೇ ‘ಬ್ಲೈಟಿ’. ಮನುಷ್ಯ ತನ್ನ ಮೈಗೆ ಗುಂಡು ತಗಲಲೆಂದು ಹಾರೈಸುವ ಸ್ಥಿತಿಯನ್ನು ಇಷ್ಟು ಚಿಕ್ಕ ಶಬ್ದ ಹೊತ್ತು ನಿಂತಿದೆ.

ಅದೇ ಯುದ್ಧದಲ್ಲಿ ಫ್ರಾನ್ಸಿನ ನೆಲದ ಮೇಲೆ ಭಾರತದ ಸಿಪಾಯಿಗಳೂ ಇದ್ದರು. ಗಾಯಗೊಂಡವರಲ್ಲಿ ಅನೇಕರನ್ನು ಇಂಗ್ಲೆಂಡಿನ ಬ್ರೈಟನ್ ನಗರದ ಅರಮನೆಯಲ್ಲಿ ತೆರೆದ ಆಸ್ಪತ್ರೆಗೆ ಸಾಗಿಸಿದರು. ಅವರಿಗೂ ದೊರೆತದ್ದು ವಿಲಾಯತಿಯೇ. ಆದರೆ ಆ ವಿಲಾಯತಿ ಅವರ ಮನೆಯಾಗಿರಲಿಲ್ಲ. ಗಾಯ ಮಾಯ್ದ ಮೇಲೆ ಮತ್ತೆ ರಣರಂಗಕ್ಕೆ ಹೋಗಬೇಕಾಗಿ ಬಂದವರೂ ಇದ್ದರು. ಪಕ್ಕಪಕ್ಕದ ಕಂದಕಗಳಲ್ಲಿ ಗಾಯಗೊಂಡ ಇಬ್ಬರನ್ನು ಒಂದೇ ಹಡಗು ಒಂದೇ ದಂಡೆಗೆ ಒಯ್ದಿತು. ಒಬ್ಬ ಮನೆಗೆ ಬಂದ. ಇನ್ನೊಬ್ಬ ಮನೆಯಿಂದ ಇನ್ನಷ್ಟು ದೂರವಾದ.

ಶಬ್ದಗಳನ್ನು ಕೊಟ್ಟು ಕೊಂಡ ಲೆಕ್ಕವನ್ನು ಕೋಶಗಳು ಇಡುತ್ತವೆ. ಮನೆ ಯಾರದು, ಪರದೇಶ ಯಾರದು ಎಂಬುದನ್ನು ಮಾತ್ರ ಅದನ್ನು ಉಚ್ಚರಿಸುವವನ ಕೊರಳೇ ಹೇಳಬೇಕು.